ಡೆಂಗಿ ಜ್ವರಕ್ಕೆ ಪಪ್ಪಾಯಿ ಎಲೆ, ಅಮೃತಬಳ್ಳಿ, ನೆಲಬೇವು: ಯಾವುದು, ಎಷ್ಟು, ಯಾರಿಗೆ ಬೇಡ?

ತುಂಗಾತೀರ (ತೀರ್ಥಹಳ್ಳಿ ಕಡೆ), ಪ್ರಶ್ನೆ:

ಮನೆಯಲ್ಲಿ 58 ವರ್ಷದ ಹೆಂಗಸಿಗೆ ಜ್ವರ ಬಂದು ಇವತ್ತಿಗೆ ನಾಲ್ಕನೇ ದಿನ. ಡೆಂಗಿಯ ಎನ್‌ಎಸ್‌1 ರಕ್ತಪರೀಕ್ಷೆ ಪಾಸಿಟಿವ್. ಪ್ಲೇಟ್‌ಲೆಟ್ ನಿನ್ನೆ 1.10 ಲಕ್ಷ ಇದ್ದದ್ದು ಇವತ್ತು 82 ಸಾವಿರಕ್ಕೆ ಇಳಿದಿದೆ. ಸಕ್ಕರೆ ಕಾಯಿಲೆಗೆ ಮಾತ್ರೆ ನಡೀತಿದೆ. ನೀರು ಕುಡೀತಾರೆ, ಊಟ ಸೇರ್ತಿಲ್ಲ. ಬೆಳಿಗ್ಗೆಯಿಂದ ಜ್ವರ ಸ್ವಲ್ಪ ಇಳಿದಿದೆ. ಹಿತ್ತಿಲಲ್ಲಿ ಪಪ್ಪಾಯಿ ಇದೆ, ಬೇಲಿ ಮೇಲೆ ಅಮೃತಬಳ್ಳಿ ಹಬ್ಬಿದೆ, ಪಕ್ಕದ ಮನೆಯವರು ಒಣಗಿಸಿದ ನೆಲಬೇವು ಒಂದು ಕಟ್ಟು ಕೊಟ್ಟಿದ್ದಾರೆ. ಮೂರನ್ನೂ ಸೇರಿಸಿ ಕಷಾಯ ಕಾಯಿಸಬಹುದಾ? ಅಳತೆ ಎಷ್ಟು? ಬೇಡ ಅನ್ನುವವರು ಯಾಕೆ ಬೇಡ ಅನ್ನೋದನ್ನೂ ಬರೀರಿ.

ವನೌಷಧಿ_ಸಾಗರ:

ಮೂರನ್ನೂ ಸೇರಿಸಬೇಡಿ. ಅದಕ್ಕಿಂತ ಮುಂಚೆ, ಇವರನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಡೆಂಗಿ ಇರುವವರಿಗೆ ಸಕ್ಕರೆ ಕಾಯಿಲೆಯೂ ಇದ್ದರೆ ಆಸ್ಪತ್ರೆಯಲ್ಲಿಟ್ಟು ನೋಡಬೇಕು ಅನ್ನೋದೇ ಚಿಕಿತ್ಸೆಯ ನಿಯಮ. ನಾಲ್ಕನೇ ದಿನ ಜ್ವರ ಇಳೀತಿದೆ ಅಂದ್ರೆ ಗಂಡಾಂತರದ ಹೊತ್ತು ಈಗ ಶುರು. ರಕ್ತನಾಳದಿಂದ ದ್ರವ ಸೋರಿ ಹೊಟ್ಟೆ, ಎದೆಗೂಡಿನಲ್ಲಿ ತುಂಬಿಕೊಳ್ಳುವುದು ಜ್ವರ ಬಿಡುವ ಹೊತ್ತಿನ ಆ 24ರಿಂದ 48 ಗಂಟೆಯಲ್ಲೇ. ಮೈ ತಣ್ಣಗಾಯಿತು, ಗುಣವಾಯಿತು ಅಂತ ಮನೆಯವರು ನಿಟ್ಟುಸಿರು ಬಿಡೋದೂ ಆಗಲೇ.

ಇನ್ನು ಪಪ್ಪಾಯಿ ಎಲೆ. 2013ರಲ್ಲಿ ಮಲೇಷ್ಯಾದ ಒಂದು ಅಧ್ಯಯನ ಬಂತು. ಆಸ್ಪತ್ರೆಯಲ್ಲಿದ್ದ 228 ಡೆಂಗಿ ರೋಗಿಗಳಲ್ಲಿ ಒಂದು ಗುಂಪಿಗೆ 50 ಗ್ರಾಂ ಹಸಿ ಎಲೆಯ ರಸವನ್ನು ಬೆಳಗಿನ ತಿಂಡಿಯ ಮೇಲೆ ದಿನಕ್ಕೊಮ್ಮೆ, ಮೂರು ದಿನ ಕೊಟ್ಟಿದ್ದರು. ಅವರಲ್ಲಿ ಪ್ಲೇಟ್‌ಲೆಟ್ ಸ್ವಲ್ಪ ಬೇಗ ಏರಿತ್ತು. ದ್ರವ ಸೋರುವುದು ನಿಂತಿತು, ಜೀವ ಉಳಿಯಿತು ಅಂತ ಅದು ತೋರಿಸಲಿಲ್ಲ. ಎಲೆಗೆ ಇರುವ ಆಧಾರ ಅಷ್ಟೇ, ಅದಕ್ಕಿಂತ ಹೆಚ್ಚು ಹೊರೆ ಹೊರಿಸಬಾರದು.

ಬೇರೆ ಕಾಯಿಲೆ ಇಲ್ಲದ, ವಾಂತಿಯಿಲ್ಲದ, ಡಾಕ್ಟರ ಕಣ್ಣಳತೆಯಲ್ಲಿರುವ ವಯಸ್ಕರಿಗೆ ಕೊಡಲೇಬೇಕು ಅಂದುಕೊಂಡರೆ ಹೀಗೆ ಮಾಡಿ: ತೀರಾ ಎಳೆಯದೂ ಅಲ್ಲದ, ಹಳದಿ ತಿರುಗದ ಎಲೆ ಕೊಯ್ಯಿರಿ. ತೊಟ್ಟು, ದಪ್ಪ ನರ ತೆಗೆದು 50 ಗ್ರಾಂ ತೂಗಿ. ತೂಗದೆ ಕಣ್ಣಂದಾಜಿನಲ್ಲಿ ಹಾಕಿದರೆ ಎರಡು ಪಟ್ಟಾಗೋದು ಸಾಮಾನ್ಯ. ತೊಳೆದು ಜಜ್ಜಿ, ಎರಡು ಚಮಚ ಕುದಿಸಿ ಆರಿಸಿದ ನೀರು ಚಿಮುಕಿಸಿ ಬಟ್ಟೆಯಲ್ಲಿ ಹಿಂಡಿ. ಖಾಲಿ ಹೊಟ್ಟೆಗೆ ಬೇಡ. ಬಸುರಿಯರಿಗೆ, ವಾರ್ಫರಿನ್‌ನಂಥ ರಕ್ತ ತೆಳುಮಾಡುವ ಮಾತ್ರೆ ತಿನ್ನುವವರಿಗೆ ಬೇಡವೇ ಬೇಡ.

ತಪ್ಪೋದು ಎಲ್ಲಿ ಅಂದ್ರೆ, ಈ ರಸ ಘೋರ ಕಹಿ, ಹೊಟ್ಟೆ ತೊಳಸುತ್ತೆ. ಮೇಲಿಂದ ಮೇಲೆ ವಾಂತಿಯಾಗುವುದು ಡೆಂಗಿ ಉಲ್ಬಣಿಸುವ ಲಕ್ಷಣವೂ ಹೌದು. ಲೋಟಗಟ್ಟಲೆ ಕುಡಿಸಿದ ಮನೆಯಲ್ಲಿ ವಾಂತಿಯಾದರೆ ‘ಎಲೆ ರಸಕ್ಕೆ ಆಗಿದ್ದು’ ಅಂತ ಆರು ತಾಸು ಕಾಯ್ತಾರೆ. ಕುಡಿದ ನೀರು ಹೊರಗೆ ಹೋಗಿರುತ್ತೆ, ಎಚ್ಚರಿಕೆಯ ಗಂಟೆಯೂ ಕೇಳಿಸಿರೋದಿಲ್ಲ.

ಸೂಕ್ಷ್ಮದರ್ಶಕ:

ಪ್ಲೇಟ್‌ಲೆಟ್ ಲೆಕ್ಕದ ಬಗ್ಗೆ. ನಮ್ಮ ಕಡೆ ‘ಬಿಳಿರಕ್ತ ಕಡಿಮೆಯಾಗಿದೆ’ ಅಂತಾರೆ. ಬಿಳಿ ರಕ್ತಕಣ ಬೇರೆ, ಪ್ಲೇಟ್‌ಲೆಟ್ ಬೇರೆ. ಡೆಂಗಿಯಲ್ಲಿ ಎರಡೂ ಇಳಿಯುತ್ತವೆ, ಏರುವಾಗ ಬಿಳಿ ಕಣ ಮೊದಲು, ಪ್ಲೇಟ್‌ಲೆಟ್ ಆಮೇಲೆ. ಐದು, ಆರನೇ ದಿನದ ಹೊತ್ತಿಗೆ ತಳ ಮುಟ್ಟಿ, ಏಳು ಎಂಟನೇ ದಿನದಿಂದ ತಾನಾಗಿಯೇ ಮೇಲೆ ಬರುತ್ತೆ. ಐದನೇ ದಿನ ಏನು ಕೊಟ್ಟರೂ, ಕಿವಿ ಹಣ್ಣೇ ಇರಲಿ ಆಡಿನ ಹಾಲೇ ಇರಲಿ, ಏಳನೇ ದಿನ ಅದಕ್ಕೇ ಹೆಸರು ಬರುತ್ತೆ.

ರಿಪೋರ್ಟಿನಲ್ಲಿ ಪಿಸಿವಿ ಅಥವಾ ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು) ಅಂತ ಒಂದು ಸಾಲಿರುತ್ತೆ, ಅದನ್ನು ನೋಡಿ. ಮೊದಲ ದಿನ 36 ಇದ್ದದ್ದು 43 ದಾಟಿದರೆ, ಅಂದ್ರೆ ಶೇ. 20ರಷ್ಟು ಏರಿದರೆ, ದ್ರವ ಸೋರಿ ರಕ್ತ ಗಟ್ಟಿಯಾಗ್ತಿದೆ ಅಂತ ಅರ್ಥ. ಪ್ಲೇಟ್‌ಲೆಟ್ 82 ಸಾವಿರ ಅನ್ನೋದಕ್ಕಿಂತ, ಪ್ಲೇಟ್‌ಲೆಟ್ ಇಳೀತಾ ಪಿಸಿವಿ ಏರ್ತಾ ಇದೆಯಾ ಅನ್ನೋದು ಮುಖ್ಯ. ರಕ್ತಸ್ರಾವ ಇಲ್ಲದಿದ್ದರೆ 10 ಸಾವಿರಕ್ಕಿಂತ ಕೆಳಗೆ ಹೋಗುವ ತನಕ ಸಾಮಾನ್ಯವಾಗಿ ಹೊರಗಿನಿಂದ ಪ್ಲೇಟ್‌ಲೆಟ್ ಏರಿಸುವುದಿಲ್ಲ.

ಜ್ವರಕ್ಕೆ ಪ್ಯಾರಾಸಿಟಮಾಲ್ ಒಂದೇ. ಮೈಕೈ ನೋವಿಗೆ ಅಂತ ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಬೇಡ.

ನೆಲಬೇವು_ಹೊಸನಗರ:

ಆ ಒಣ ಕಟ್ಟು ನಿಜಕ್ಕೂ ಯಾವುದು ಅಂತ ಮೊದಲು ನೋಡಿ. ನೆಲಬೇವು ಅಂತ ನಮ್ಮಲ್ಲಿ ಎರಡು ಗಿಡಕ್ಕೆ ಹೇಳ್ತಾರೆ. ಹಿತ್ತಿಲಲ್ಲಿ ಬೆಳೆಯುವ ಕಾಲಮೇಘ ಒಂದು, ಅಂಗಡಿಯಲ್ಲಿ ಸಿಗುವ ಹಿಮಾಲಯದ ಕಿರಾತಕಡ್ಡಿ ಇನ್ನೊಂದು. ಕಾಲಮೇಘದ ಕಾಂಡವನ್ನು ಬೆರಳಲ್ಲಿ ಹೊರಳಿಸಿದರೆ ನಾಲ್ಕು ಮೂಲೆ ಸ್ಪಷ್ಟವಾಗಿ ತಾಗುತ್ತೆ. ಎಲೆ ಎದುರುಬದುರು, ಹೂ ಚಿಕ್ಕದು, ಬಿಳಿಯ ಮೇಲೆ ನೇರಳೆ ಮಚ್ಚೆ. ಹೂ ಬಿಡಲು ಶುರುವಾದಾಗ ಕೊಯ್ದು ನೆರಳಲ್ಲಿ ಒಣಗಿಸಿದ್ದಕ್ಕೆ ಸತ್ವ ಹೆಚ್ಚು. ಆದರೆ ಆಷಾಢದ ತೇವಕ್ಕೆ ಅಟ್ಟದ ಮೇಲಿಟ್ಟ ಕಟ್ಟಿನ ಒಳಗೆ ಬೂಷ್ಟು ಬಂದಿರುತ್ತೆ. ಬಿಚ್ಚಿ ನೋಡಿ. ಬೂದು ಪುಡಿ ಉದುರಿದರೆ, ಮುಗ್ಗಲು ವಾಸನೆ ಬಂದರೆ ಎಸೆಯಿರಿ. ಕುದಿಸಿದರೆ ಬೂಷ್ಟಿನ ವಿಷವೆಲ್ಲ ಹೋಗೋದಿಲ್ಲ.

ತಮಿಳುನಾಡಿನಲ್ಲಿ ಸರ್ಕಾರವೇ ಹಂಚಿದ ‘ನಿಲವೇಂಬು ಕುಡಿನೀರ್’ ಬರೀ ನೆಲಬೇವಲ್ಲ. ಲಾವಂಚ, ಶ್ರೀಗಂಧ, ಶುಂಠಿ, ಕಾಳುಮೆಣಸು ಸೇರಿ ಒಂಬತ್ತು ದ್ರವ್ಯಗಳ ಸಿದ್ಧೌಷಧ. ಅದರ ಹೆಸರು ಹೇಳಿ ಬರೀ ನೆಲಬೇವನ್ನು ಹಿಡಿಗಟ್ಟಲೆ ಕುದಿಸಿದರೆ ಹೊಟ್ಟೆ ಉರಿ, ವಾಂತಿ ಆಗಬಹುದು, ರಕ್ತದೊತ್ತಡವೂ ಇಳಿಯಬಹುದು. ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಳ್ಳುವುದನ್ನು ನೆಲಬೇವಿನ ಸತ್ವ ತಡೆಯುತ್ತೆ ಅಂತ ಪ್ರಯೋಗಾಲಯದಲ್ಲಿ ಕಂಡಿದೆ. ಪ್ಲೇಟ್‌ಲೆಟ್ ಇಳಿಯುತ್ತಿರುವಾಗ ನಾನು ಇದನ್ನು ಕೊಡಬೇಡಿ ಅನ್ನೋದು ಅದಕ್ಕೇ.

ಅಮೃತಬಳ್ಳಿಯ ವಿಚಾರ ಇನ್ನೂ ಸೂಕ್ಷ್ಮ. ನಿಜವಾದ ಅಮೃತಬಳ್ಳಿಯ ಎಲೆ ಎರಡೂ ಕಡೆ ನುಣುಪು. ಬಲಿತ ಬಳ್ಳಿಯ ಮೇಲಿನ ಸಿಪ್ಪೆ ಕಾಗದದ ಹಾಗೆ ಸುಲಿಯುತ್ತೆ, ಒಳಗೆ ಹಸಿರು, ಅಡ್ಡ ಕೊಯ್ದರೆ ಗಾಡಿಚಕ್ರದ ಕಡ್ಡಿಗಳ ಹಾಗೆ ಗೆರೆ. ಎಲೆಯಡಿ ಮೃದುವಾದ ರೋಮ ಇದ್ದರೆ ಅದು ಇನ್ನೊಂದು ಜಾತಿ. ಬಳ್ಳಿಯ ಮೈತುಂಬ ಗಂಟುಗಂಟು ಮೊಡವೆ ಇದ್ದರೆ ಮತ್ತೊಂದು. ಕೊರೋನಾ ಕಾಲದಲ್ಲಿ ತಿಂಗಳುಗಟ್ಟಲೆ ಅಮೃತಬಳ್ಳಿ ಕುಡಿದವರಲ್ಲಿ ಯಕೃತ್ತಿಗೆ ಪೆಟ್ಟು ಬಿದ್ದ ಪ್ರಕರಣಗಳು ಮುಂಬೈಯಿಂದ ವರದಿಯಾದವು. ಡೆಂಗಿ ಕೂಡ ಯಕೃತ್ತನ್ನೇ ಬಾಧಿಸುತ್ತೆ.

ನಿಮ್ಮ ಮನೆಯವರಿಗಂತೂ ಬೇಡ. ಅಮೃತಬಳ್ಳಿ, ನೆಲಬೇವು ಎರಡೂ ಸಕ್ಕರೆ ಇಳಿಸುತ್ತವೆ. ಊಟವಿಲ್ಲ, ಸಕ್ಕರೆ ಮಾತ್ರೆ ಇದೆ, ಮೇಲಿಂದ ಈ ಕಷಾಯ. ಸಕ್ಕರೆ ದಿಢೀರ್ ಕುಸಿದು ಬೆವರು, ಮಂಪರು ಬಂದರೆ ಡೆಂಗಿಯ ಸುಸ್ತು ಅಂದುಕೊಳ್ಳುತ್ತೀರಿ. ‘ರೋಗನಿರೋಧಕ ಶಕ್ತಿ ಹೆಚ್ಚುತ್ತೆ’ ಅನ್ನುವ ವಾದವೂ ಇಲ್ಲಿ ಹೊಂದೋದಿಲ್ಲ. ಡೆಂಗಿಯಲ್ಲಿ ರಕ್ತನಾಳ ಸೋರುವುದಕ್ಕೆ ದೇಹದ ಆ ಪ್ರತಿರೋಧ ಅತಿಯಾಗುವುದೂ ಒಂದು ಕಾರಣ.

ಕಹಿಬೇರು:

ಎಲ್ಲ ಸೊಳ್ಳೆ ಜ್ವರಕ್ಕೂ ಒಂದೇ ಕಷಾಯ ಅನ್ನುವವರಿಗೆ ಎರಡು ಮಾತು. ಸಿಂಕೋನ ತೊಗಟೆಯಿಂದ 1820ರಲ್ಲಿ ಕ್ವಿನೈನ್ ಬೇರ್ಪಡಿಸಿದರು, ಚೀನಾದ ಆರ್ಟಿಮಿಸಿಯಾ ಗಿಡದಿಂದ ಆರ್ಟಿಮಿಸಿನಿನ್ ಬಂತು, ಅದಕ್ಕೆ ಅಲ್ಲಿನ ವಿಜ್ಞಾನಿ ತೂ ಯೂಯೂ ಅವರಿಗೆ 2015ರ ನೊಬೆಲ್ ಸಿಕ್ಕಿತು. ಗಿಡದಿಂದ ಮಲೇರಿಯಾಕ್ಕೆ ಮದ್ದು ಸಿಕ್ಕಿದ್ದು ನಿಜ. ಆದರೆ ಆರ್ಟಿಮಿಸಿನಿನ್ ನೀರಲ್ಲಿ ಸರಿಯಾಗಿ ಕರಗೋದಿಲ್ಲ, ಶಾಖಕ್ಕೆ ಕೆಡುತ್ತೆ. ಅವರು ಕುದಿಸೋದು ಬಿಟ್ಟು ಕಡಿಮೆ ಶಾಖದಲ್ಲಿ ಈಥರ್‌ನಿಂದ ತೆಗೆದಾಗಲೇ ಗೆದ್ದದ್ದು. ಅದೇ ಕುಲದ್ದು ಅಂತ ನಮ್ಮ ದವನವನ್ನೋ ಮಾಚಿಪತ್ರೆಯನ್ನೋ ಕುದಿಸಿ ಕುಡಿದರೆ ಮಲೇರಿಯಾ ಹೋಗೋದಿಲ್ಲ. ವೈವಾಕ್ಸ್ ಅನ್ನುವ ಬಗೆಯ ಮಲೇರಿಯಾ ಯಕೃತ್ತಿನಲ್ಲಿ ಅಡಗಿ ತಿಂಗಳುಗಳ ಮೇಲೆ ಮರುಕಳಿಸುತ್ತೆ, ಅದಕ್ಕೆ ರಕ್ತಪರೀಕ್ಷೆಯ ನಂತರ 14 ದಿನದ ಪ್ರೈಮಾಕ್ವಿನ್ ಮಾತ್ರೆ ಪೂರ್ತಿ ನುಂಗಬೇಕು.

ಚಿಕುನ್‌ಗುನ್ಯಾ ಕೀಲುನೋವಿಗೆ ಲಕ್ಕಿಸೊಪ್ಪು ನಿಜವಾಗಿ ಹಿತ. ಎರಡು ಹಿಡಿ ಸೊಪ್ಪು, ನಾಲ್ಕು ಲೀಟರ್ ನೀರು, ಹತ್ತು ನಿಮಿಷ ಕುದಿಸಿ ಉಗುರುಬೆಚ್ಚಗಾದ ಮೇಲೆ ಕೀಲಿಗೆ ಹುಯ್ಯಿರಿ. ಮೊದಲ ವಾರ ಕೀಲು ಕೆಂಪಾಗಿ ಊದಿದ್ದಾಗ ಬಿಸಿ ಶಾಖ ಬೇಡ, ಊತ ಹೆಚ್ಚುತ್ತೆ. ಆಗ ತಣ್ಣೀರ ಬಟ್ಟೆ.

ಇನ್ನೊಂದು, ಮಾರ್ಗಶಿರದಿಂದ ಬೇಸಿಗೆಯವರೆಗೆ ಕಾಡಂಚಿನಲ್ಲಿ ಜ್ವರ ಬಂದು ಪ್ಲೇಟ್‌ಲೆಟ್ ಇಳಿದರೆ ಡೆಂಗಿ ಅಂತಲೇ ತೀರ್ಮಾನಿಸಬೇಡಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆಯೂ ಹಾಗೇ ಕಾಣುತ್ತೆ. ಅದು ಸೊಳ್ಳೆಯಿಂದಲ್ಲ, ಉಣುಗಿನಿಂದ. ಅದರ ಪರೀಕ್ಷೆಯೇ ಬೇರೆ.

ಅಡಿಕೆಹಾಳೆ:

ಸಂಜೆ ಬೇವು, ಲಕ್ಕಿ ಹೊಗೆ ಹಾಕಿದರೂ ಡೆಂಗಿ ಬಂತಲ್ಲ ಅಂತ ಕೇಳ್ತಾರೆ. ಡೆಂಗಿ ಹರಡುವ ಈಡಿಸ್ ಹಗಲು ಕಚ್ಚುತ್ತೆ, ಬೆಳಿಗ್ಗೆ ಬಿಸಿಲೇರುವಾಗ ಮತ್ತು ಸಂಜೆ ಹೊತ್ತು ಮುಳುಗುವ ಮುನ್ನ ಜಾಸ್ತಿ. ತೋಟದಲ್ಲಿ ಒಳಮಗ್ಗುಲು ಮೇಲಾಗಿ ಬಿದ್ದ ಒಂದು ಅಡಿಕೆ ಹಾಳೆಯಲ್ಲಿ ನಿಂತ ಬೊಗಸೆ ನೀರು ಸಾಕು, ಎಂಟು ಹತ್ತು ದಿನಕ್ಕೆ ಮರಿ ಎದ್ದು ಹಾರುತ್ತೆ. ವಾರಕ್ಕೊಂದು ದಿನ ಹಾಳೆಗಳನ್ನು ಮಗುಚಿ ಇಲ್ಲವೇ ಒಟ್ಟುಮಾಡಿ. ಅಡಿಕೆಗೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದ ಮೇಲೆ ತೋಟದಲ್ಲೇ ಬಿಟ್ಟ ಡ್ರಮ್ ಬರೀ ಚೆಲ್ಲಿದರೆ ಸಾಲದು. ಮೊಟ್ಟೆ ನೀರಿನ ಅಂಚಿನ ಗೋಡೆಗೆ ಅಂಟಿರುತ್ತೆ, ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತೆ. ತೆಂಗಿನ ನಾರಿನಿಂದ ಉಜ್ಜಿ ಬೋರಲು ಹಾಕಿ.

ತುಂಗಾತೀರ:

ಶಿವಮೊಗ್ಗಕ್ಕೆ ಕರ್ಕೊಂಡು ಹೊರಟಿದ್ದೇವೆ. ಎಲೆ ರಸ ಕೊಟ್ಟಿಲ್ಲ. ದಾರಿಯಲ್ಲಿ ಮುರುಗಲು (ಕೋಕಂ) ಶರಬತ್ತು ಕುಡಿಸಬಹುದಾ?

ವನೌಷಧಿ_ಸಾಗರ:

ಮುರುಗಲು, ಬೀಟ್‌ರೂಟ್, ಕೆಂಪು ಬಣ್ಣದ್ದು ಏನೂ ಬೇಡ. ವಾಂತಿಯಾದರೆ ರಕ್ತವೋ ಶರಬತ್ತೋ ಗೊತ್ತಾಗೋದಿಲ್ಲ. ಒಂದು ಲೀಟರ್ ನೀರಿಗೆ ಒಂದು ಪೂರ್ತಿ ಓಆರ್‌ಎಸ್ ಪೊಟ್ಟಣ ಕಲಸಿ, ಅರ್ಧ ಅರ್ಧ ಪೊಟ್ಟಣ ಮಾಡಬೇಡಿ. ಹತ್ತು ಹದಿನೈದು ನಿಮಿಷಕ್ಕೊಮ್ಮೆ ನಾಲ್ಕೈದು ಗುಟುಕು. ಉಪ್ಪು ಹಾಕಿದ ಗಂಜಿತಿಳಿ ಫ್ಲಾಸ್ಕಿನಲ್ಲಿ ಇಟ್ಟುಕೊಳ್ಳಿ. ಮೊದಲ ದಿನದಿಂದಿನ ಎಲ್ಲ ರಕ್ತದ ರಿಪೋರ್ಟು, ಸಕ್ಕರೆ ಮಾತ್ರೆಯ ಪಟ್ಟಿ ಜೊತೆಗಿರಲಿ. ಕೊನೆಯ ಸಲ ಮೂತ್ರ ಹೋದದ್ದು ಎಷ್ಟು ಗಂಟೆಗೆ ಅಂತ ಬರೆದಿಟ್ಟುಕೊಳ್ಳಿ, ಆರು ತಾಸು ದಾಟಿದ್ದರೆ ಒಳಗೆ ಹೋದ ಕೂಡಲೇ ಅದನ್ನೇ ಮೊದಲು ಹೇಳಿ. ಹೊಟ್ಟೆನೋವು ಜೋರಾದರೆ, ಕೈಕಾಲು ತಣ್ಣಗಾದರೆ ಶಿವಮೊಗ್ಗದ ತನಕ ಕಾಯದೆ ದಾರಿಯಲ್ಲಿ ಸಿಕ್ಕುವ ಮೊದಲ ಆಸ್ಪತ್ರೆಯಲ್ಲೇ ಡ್ರಿಪ್ ಹಾಕಿಸಿಕೊಂಡು ಮುಂದೆ ಹೋಗಿ.