ಕನ್ನಡ ಪುಟದಲ್ಲಿ ಇಂಗ್ಲಿಷ್ ಬಟನ್: ಪ್ಲಗಿನ್ ಅನುವಾದ ಎಲ್ಲಿ ಕೈಕೊಡುತ್ತದೆ?

ಕೇಳಿದ್ದು, ಬೀದರ್: ಬಿದರಿ ಕಲೆಯ ವಸ್ತು ಮಾರುವ ವರ್ಡ್‌ಪ್ರೆಸ್ ಸೈಟ್. ಕನ್ನಡ, ಉರ್ದು, ಮರಾಠಿ ಮೂರೂ ಇವೆ; ಭಾಷೆ ನೋಡಿಕೊಳ್ಳೋದು ಪಾಲಿಲ್ಯಾಂಗ್. ಪುಟಗಳು ಸರಿಯಾಗಿವೆ, ಆದರೆ ಆರ್ಡರ್ ಪ್ಲಗಿನ್ನಿನ (ಆರ್ಡರ್ ತೆಗೆದುಕೊಳ್ಳಲು ಸೈಟಿಗೆ ಸೇರಿಸಿದ ತಂತ್ರಾಂಶ) ಮಾತುಗಳು ಅರ್ಧ ಕನ್ನಡ, ಅರ್ಧ ಇಂಗ್ಲಿಷ್. ಅಪ್‌ಡೇಟ್ ಆದಮೇಲೆ ಇದ್ದ ಅರ್ಧವೂ ಹೋಯಿತು. ಉರ್ದು ಪುಟದಲ್ಲಿ ಸಂಖ್ಯೆ ತುಂಬುವ ಡಬ್ಬಿ ಬಟನ್ ಮೇಲೆ ಹತ್ತಿ ಕೂತಿದೆ. ಎಲ್ಲಿಂದ ಶುರು ಮಾಡಬೇಕು?

ಕಲಬುರಗಿಯಿಂದ: ಅನುವಾದಕ್ಕೆ ಕೈಹಾಕುವ ಮೊದಲು ಆ ಇಂಗ್ಲಿಷ್ ಪದ ಎಲ್ಲಿ ಕೂತಿದೆ ಅಂತ ಹುಡುಕ್ರಿ. ಮೂರು ಕಡೆ ಇರಬಹುದು: ಪ್ಲಗಿನ್ನಿನ ಪಿಎಚ್‌ಪಿ ಕೋಡ್, ಜಾವಾಸ್ಕ್ರಿಪ್ಟ್, ಇಲ್ಲವೇ ಡೇಟಾಬೇಸ್. ಒಂದೊಂದರ ಮದ್ದೂ ಬೇರೆ, ಒಂದರದ್ದು ಇನ್ನೊಂದಕ್ಕೆ ನಾಟೋದಿಲ್ಲ. ನಿಮ್ಮ ಅರ್ಧ ಬಂದು ಅರ್ಧ ಬರದಿರೋದಕ್ಕೂ ಬಹುತೇಕ ಇದೇ ಕಾರಣ.

ಲಾಗಿನ್ ಇಲ್ಲದ ಪ್ರೈವೇಟ್ ಕಿಟಕಿಯಲ್ಲಿ ಪುಟ ತೆರೆದು ಕಂಟ್ರೋಲ್ ಯು ಒತ್ತಿ ಸೋರ್ಸ್ ನೋಡ್ರಿ. ಆ ಪದ ಸೋರ್ಸಿನಲ್ಲಿ ಕಾಣದೆ ಪರದೆ ಮೇಲೆ ಮಾತ್ರ ಕಂಡರೆ ಅದು ಜಾವಾಸ್ಕ್ರಿಪ್ಟಿನದು. ಸೋರ್ಸಿನಲ್ಲೂ ಇದ್ದು, ಪ್ಲಗಿನ್ನಿನ ಸೆಟ್ಟಿಂಗ್ಸ್ ಪುಟದ ಯಾವುದೋ ಡಬ್ಬಿಯಲ್ಲೂ ಅದೇ ಪದ ಟೈಪ್ ಆಗಿದ್ದರೆ ಡೇಟಾಬೇಸ್. ಎರಡೂ ಅಲ್ಲವಾದರೆ ಪಿಎಚ್‌ಪಿ.

ಡೇಟಾಬೇಸಿನ ಪದಕ್ಕೆ ಎಷ್ಟು ಪಿಒ ಫೈಲ್ (ಮೂಲ ಪದ, ಅದರ ಅನುವಾದ ಇರುವ ಪಟ್ಟಿ) ಬರೆದರೂ ಪ್ರಯೋಜನ ಇಲ್ಲ. ಎಷ್ಟೋ ಪ್ಲಗಿನ್ನುಗಳು ಆಕ್ಟಿವೇಟ್ ಆದ ಗಳಿಗೆಯಲ್ಲಿ ಸೈಟಿನ ಭಾಷೆ ಯಾವುದಿತ್ತೋ ಆ ಭಾಷೆಯಲ್ಲೇ ಇಮೇಲ್ ಒಕ್ಕಣೆ, ಬಟನ್ ಹೆಸರು ಉಳಿಸಿಬಿಡುತ್ತವೆ. ಇವು ಪಾಲಿಲ್ಯಾಂಗ್‌ನ ಅನುವಾದಗಳ ಪಟ್ಟಿಗೆ ಬರಬೇಕು. ಅಲ್ಲಿ ಕಾಣದಿದ್ದರೆ ಪ್ಲಗಿನ್ ನೋಂದಾಯಿಸಿಲ್ಲ ಅಂತ ಅರ್ಥ. ಡಬ್ಲ್ಯುಪಿಎಂಎಲ್‌ಗಾಗಿ (ಇದು ಇನ್ನೊಂದು ಭಾಷಾ ಪ್ಲಗಿನ್) ಬರೆಯುವ ಕಾನ್ಫಿಗ್ ಎಕ್ಸ್‌ಎಂಎಲ್ ಫೈಲನ್ನು ಪಾಲಿಲ್ಯಾಂಗ್ ಕೂಡ ಓದುತ್ತದೆ, ಆ ಪದ ಡೇಟಾಬೇಸಿನಲ್ಲಿ ಯಾವ ಆಯ್ಕೆಯಲ್ಲಿ (ಆಪ್ಷನ್) ಉಳಿದಿದೆಯೋ ಅದರ ಹೆಸರನ್ನು ಆ ಫೈಲಿನಲ್ಲಿ ಸೇರಿಸಿದರೆ ಸಾಕು. ಕಾಂಟ್ಯಾಕ್ಟ್ ಫಾರ್ಮ್ 7 ಇದ್ದರೆ ಈ ತಲೆನೋವೇ ಬೇಡ, ಭಾಷೆಗೊಂದು ಫಾರ್ಮ್ ಮಾಡ್ರಿ.

ಶಹಾಪುರದಿಂದ: ಪಿಎಚ್‌ಪಿ ಪದಗಳ ಬಗ್ಗೆ. ಮೊದಲು ಅನುವಾದದ ಫೈಲಿನ ಹೆಸರು ನೋಡಿ. ವರ್ಡ್‌ಪ್ರೆಸ್‌ನಲ್ಲಿ ಕನ್ನಡದ ಗುರುತು ಬರೀ ‘ಕೆಎನ್’, ‘ಕೆಎನ್ ಅಂಡರ್‌ಸ್ಕೋರ್ ಐಎನ್’ ಅಲ್ಲ. ಹಿಂದಿಯಂಥ ಕೆಲವು ಭಾಷೆಗಳಿಗೆ ಮಾತ್ರ ‘ಐಎನ್’ ಬೇಕು. ಉರ್ದು ‘ಯುಆರ್’, ಮರಾಠಿ ‘ಎಂಆರ್’. ಪಿಒ ಫೈಲ್ ತಿದ್ದುವ ಪೋಎಡಿಟ್‌ನಲ್ಲಿ ಭಾಷೆ ಆರಿಸುವಾಗ ‘ಕನ್ನಡ (ಭಾರತ)’ ಒತ್ತಿದರೆ ಹೆಸರಿಗೆ ‘ಐಎನ್’ ಅಂಟುತ್ತದೆ, ಫೈಲ್ ಅಲ್ಲೇ ಇದ್ದರೂ ಯಾರೂ ಓದುವುದಿಲ್ಲ. ಹೆಸರಿನ ಮೊದಲ ಭಾಗ ಪ್ಲಗಿನ್ನಿನ ಟೆಕ್ಸ್ಟ್ ಡೊಮೇನ್‌ಗೆ (ಅನುವಾದಕ್ಕೆಂದು ಪ್ಲಗಿನ್ ಇಟ್ಟುಕೊಂಡ ಗುರುತಿನ ಹೆಸರು) ಅಕ್ಷರಶಃ ಹೊಂದಬೇಕು.

ಅಪ್‌ಡೇಟ್ ಆದಮೇಲೆ ಹೋಯಿತು ಅಂದರೆ ಫೈಲನ್ನು ಪ್ಲಗಿನ್ನಿನ ಫೋಲ್ಡರಿನೊಳಗೇ ಇಟ್ಟಿದ್ದೀರಿ. ಅಪ್‌ಡೇಟ್ ಆ ಫೋಲ್ಡರನ್ನು ಪೂರ್ತಿ ಅಳಿಸಿ ಹೊಸದು ಇಡುತ್ತದೆ. ಲೋಕೋ ಟ್ರಾನ್ಸ್‌ಲೇಟ್ ಎಂಬ ಅನುವಾದದ ಪ್ಲಗಿನ್ ಹಾಕಿಕೊಂಡು, ಜಾಗ ಕೇಳಿದಾಗ ‘ಕಸ್ಟಮ್’ ಆರಿಸಿ. ಭಾಷಾ ಪ್ಯಾಕ್ ಬಂದರೂ ಆ ಫೋಲ್ಡರ್ ಮುಟ್ಟುವುದಿಲ್ಲ. ಆದರೆ ಲೋಕೋ ಚಾಲೂ ಇರುವವರೆಗೆ ಮಾತ್ರ ಅದು ಓದಿಸುತ್ತದೆ, ಕೆಲಸ ಮುಗಿಯಿತೆಂದು ತೆಗೆದುಹಾಕಬೇಡಿ.

ಬಹಳ ಜನ ಮುಗ್ಗರಿಸುವ ಇನ್ನೊಂದು ಜಾಗ: 2024ರಲ್ಲಿ ಬಂದ 6.5ನೇ ಆವೃತ್ತಿಯಿಂದ ವರ್ಡ್‌ಪ್ರೆಸ್ ಎಂಒ ಫೈಲಿಗಿಂತ (ಪಿಒದಿಂದ ಯಂತ್ರ ಓದಲೆಂದು ತಯಾರಾಗುವ ಫೈಲ್) ಮೊದಲು ಅದರ ಪಕ್ಕದ ‘ಎಲ್10ಎನ್ ಡಾಟ್ ಪಿಎಚ್‌ಪಿ’ ಫೈಲನ್ನು ಓದುತ್ತದೆ. ಎಂಒ ಮಾತ್ರ ತಿದ್ದಿ ಏರಿಸಿದರೆ ಹಳೇ ಮಾತೇ ಬರುತ್ತಿರುತ್ತದೆ. ಆ ಹಳೇ ಫೈಲ್ ಅಳಿಸಿ, ಇಲ್ಲವೇ ಅದನ್ನೂ ಹೊಸದಾಗಿ ಮಾಡಿ.

ಬೀದರ್, ಮತ್ತೆ: ಸೋರ್ಸ್ ನೋಡಿದೆ. ಬುಟ್ಟಿಗೆ ಹಾಕುವ ಬಟನ್ ಅಲ್ಲಿಲ್ಲ, ಹಾಗಾದರೆ ಜಾವಾಸ್ಕ್ರಿಪ್ಟ್. ಪಿಒ ಫೈಲಿನಲ್ಲಿ ಅದರ ಅನುವಾದ ಇದೆ, ಆದರೂ ಬರುತ್ತಿಲ್ಲ. ಜೊತೆಗೆ ಕನ್ನಡದ ಬಿಲ್ ಪುಟ ಖಾಲಿ ಬೆಳ್ಳಗೆ ಬರುತ್ತಿದೆ.

ಶಹಾಪುರದಿಂದ: ಜಾವಾಸ್ಕ್ರಿಪ್ಟ್ ಪಿಒ, ಎಂಒ ಎರಡನ್ನೂ ಓದುವುದಿಲ್ಲ, ಅದಕ್ಕೆ ಜೆಸನ್ ಎಂಬ ಬೇರೆ ಬಗೆಯ ಫೈಲ್ ಬೇಕು. ಆ ಫೈಲಿನ ಹೆಸರಿನ ಕೊನೆಗೆ ಸ್ಕ್ರಿಪ್ಟಿನ ದಾರಿಯಿಂದ ಲೆಕ್ಕ ಹಾಕಿದ 32 ಅಕ್ಷರದ ಗುರುತು (ಎಂಡಿ5) ಇರುತ್ತದೆ. ಅಪ್‌ಡೇಟಿನಲ್ಲಿ ಸ್ಕ್ರಿಪ್ಟಿನ ಫೋಲ್ಡರ್ ಬದಲಾದರೆ ಆ ಲೆಕ್ಕವೂ ಬದಲಾಗಿ ಹಳೇ ಜೆಸನ್ ಅನಾಥ. ವರ್ಡ್‌ಪ್ರೆಸ್‌ಗೆ ಟೈಪ್ ಮಾಡಿ ಆಜ್ಞೆ ಕೊಡುವ ಸಾಧನವಾದ ಡಬ್ಲ್ಯುಪಿ-ಸಿಎಲ್‌ಐನ ಮೇಕ್-ಜೆಸನ್ ಆಜ್ಞೆಯಿಂದ ಮತ್ತೆ ಮಾಡಿಸಿ. ಆಗ ‘ನೋ ಪರ್ಜ್’ ಆಯ್ಕೆ ಕೊಡುವುದನ್ನು ಮರೆಯಬೇಡಿ, ಇಲ್ಲವಾದರೆ ಜಾವಾಸ್ಕ್ರಿಪ್ಟಿನ ಪದಗಳನ್ನು ಅದು ಪಿಒ ಫೈಲಿನಿಂದಲೇ ತೆಗೆದುಹಾಕುತ್ತದೆ.

ಕಲಬುರಗಿಯಿಂದ: ಬಿಳಿ ಪುಟ ಅಂದ್ರೆ ‘ಪರ್ಸೆಂಟ್ ಎಸ್’ (ಹೆಸರು, ಬೆಲೆ ಬಂದು ಕೂರುವ ಜಾಗದ ಗುರುತು) ಮೇಲೆ ಅನುಮಾನ. ಮೂಲದಲ್ಲಿ ಎರಡಿದ್ದು ಅನುವಾದದಲ್ಲಿ ಮೂರಾದರೆ ಪಿಎಚ್‌ಪಿ 8 ಅಲ್ಲೇ ನಿಂತುಬಿಡುತ್ತದೆ. ಒಂದು ಕಡಿಮೆಯಾದರೆ ಪುಟ ಬರುತ್ತದೆ, ಹೆಸರೋ ಬೆಲೆಯೋ ಮಾಯ. ಕ್ರಮಸಂಖ್ಯೆ ಇರುವ ಗುರುತಿನಲ್ಲಿ 1ರ ಬದಲು ಕನ್ನಡದ ೧ ಬರೆದರೂ ಪುಟ ಬೀಳುತ್ತದೆ. ವರ್ಡ್‌ಪ್ರೆಸ್‌ನ ಡೀಬಗ್ ಲಾಗ್ (ತಪ್ಪುಗಳ ದಾಖಲೆ) ಚಾಲೂ ಮಾಡಿದರೆ ತಪ್ಪು ಎಲ್ಲಿದೆ ಅಂತ ಸಾಲು ಸಮೇತ ಸಿಗುತ್ತದೆ.

ಇದಕ್ಕಿಂತ ಹೆಚ್ಚು ಕಾಡುವುದು ನಮ್ಮ ವಿಭಕ್ತಿ. ‘ಇಂಥ ಊರಿಗೆ ಡೆಲಿವರಿ’ ಅಂತ ಬರಲೆಂದು ಗುರುತಿನ ಹಿಂದೆ ‘ಗೆ’ ಅಂಟಿಸಿದರೆ ‘ಕಲಬುರಗಿಗೆ’, ‘ಭಾಲ್ಕಿಗೆ’ ಸೊಗಸಾಗಿ ಬರುತ್ತವೆ. ಶಹಾಪುರದ ಗಿರಾಕಿಗೆ ಮಾತ್ರ ‘ಶಹಾಪುರಗೆ ಡೆಲಿವರಿ’ ಅಂತ ಕಾಣುತ್ತದೆ. ಯಂತ್ರಕ್ಕೆ ‘ಕ್ಕೆ’ ಯಾವಾಗ, ‘ಗೆ’ ಯಾವಾಗ ಅಂತ ತಿಳಿಯೋದಿಲ್ಲ. ಹಾಗಾಗಿ ವಾಕ್ಯವನ್ನೇ ಮುರಿದು ‘ತಲುಪಬೇಕಾದ ಊರು: ಶಹಾಪುರ’ ಅನ್ನುವಂತೆ ಬರೀರಿ. ಸರಕಿನ ಹೆಸರಿಗೂ ಹಾಗೇ: ‘ಹೂದಾನಿಯನ್ನು ಬುಟ್ಟಿಗೆ ಹಾಕಲಾಗಿದೆ’ ಅನ್ನೋ ಬದಲು ‘ಬುಟ್ಟಿಗೆ ಸೇರಿದ್ದು: ಹೂದಾನಿ’. ಮರಾಠಿಯಲ್ಲೂ ಹೆಸರಿಗೆ ಪ್ರತ್ಯಯ ಅಂಟುವುದರಿಂದ ಅಲ್ಲಿಗೂ ಇದೇ ದಾರಿ.

ಅನುವಾದ ಮಾಡಿಕೊಟ್ಟವರು ಯೂನಿಕೋಡ್ ಅಲ್ಲದ ಹಳೇ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಸೈಟಿನಲ್ಲಿ ಅರ್ಥವಿಲ್ಲದ ಅಕ್ಷರ ಬರುತ್ತವೆ. ಮೊದಲು ಯೂನಿಕೋಡಿಗೆ ಪರಿವರ್ತಿಸಿ, ಆಮೇಲೆ ಅಂಟಿಸ್ರಿ.

ಬಸವಕಲ್ಯಾಣದಿಂದ: ಉರ್ದು ಪುಟಕ್ಕೆ. ಪಾಲಿಲ್ಯಾಂಗ್‌ನ ಭಾಷಾ ಸೆಟ್ಟಿಂಗಿನಲ್ಲಿ ಉರ್ದುವಿನ ದಿಕ್ಕು ಬಲದಿಂದ ಎಡಕ್ಕೆ ಇದೆಯೇ ನೋಡಿ. ಅದು ಸರಿಯಿದ್ದೂ ಡಬ್ಬಿ ಬಟನ್ ಮೇಲೆ ಕೂತರೆ, ಪ್ಲಗಿನ್ನಿನ ಸಿಎಸ್‌ಎಸ್‌ನಲ್ಲಿ (ಪುಟದ ವಿನ್ಯಾಸದ ಕೋಡ್) ‘ಮಾರ್ಜಿನ್ ಲೆಫ್ಟ್’, ‘ಫ್ಲೋಟ್ ರೈಟ್’ ಎಂದು ದಿಕ್ಕು ಗಟ್ಟಿ ಮಾಡಿರುತ್ತಾರೆ. ಥೀಮಿನ ಹೆಚ್ಚುವರಿ ಸಿಎಸ್‌ಎಸ್‌ನಲ್ಲಿ ಆ ಫ್ಲೋಟನ್ನು ‘ಇನ್‌ಲೈನ್ ಎಂಡ್’ ಮಾಡಿ, ಎಡ ಮಾರ್ಜಿನ್ ಸೊನ್ನೆ ಮಾಡಿ, ಅದರ ಕೆಳಗೆ ಅದೇ ಅಳತೆಯನ್ನು ‘ಮಾರ್ಜಿನ್ ಇನ್‌ಲೈನ್ ಸ್ಟಾರ್ಟ್’ ಮಾಡಿ. ಇದು ಭಾಷೆಯ ದಿಕ್ಕಿಗೆ ತಾನೇ ತಿರುಗಿಕೊಳ್ಳುತ್ತದೆ, ಕನ್ನಡ ಪುಟ ಕೆಡುವುದಿಲ್ಲ.

ನೋಟೊ ನಸ್ತಲೀಕ್ ಉರ್ದು ಫಾಂಟ್ ಹಾಕಿದ್ದರೆ ಸಾಲಿನ ಎತ್ತರ 2ಕ್ಕಿಂತ ಕಡಿಮೆ ಇಡಬೇಡಿ. ಆ ಲಿಪಿ ಓರೆಯಾಗಿ ಕೆಳಗಿಳಿಯುವುದರಿಂದ ಕನ್ನಡಕ್ಕೆ ಸಾಕಾಗುವ 1.5ರಲ್ಲಿ ಬಟನ್ನಿನೊಳಗೆ ಚುಕ್ಕೆಗಳು ಕತ್ತರಿಸಿಹೋಗುತ್ತವೆ. ಫೋನ್ ನಂಬರನ್ನೂ ಒಮ್ಮೆ ನೋಡಿ: 91ರ ಮುಂದಿರಬೇಕಾದ ಪ್ಲಸ್ ಚಿಹ್ನೆ ಉರ್ದು ಸಾಲಿನಲ್ಲಿ ಆಚೆ ತುದಿಗೆ ಹಾರಿರುತ್ತದೆ. ನಂಬರನ್ನು ‘ಬಿಡಿಐ’ ಟ್ಯಾಗಿನಲ್ಲಿ ಸುತ್ತಿ, ಅದಕ್ಕೆ ಎಡದಿಂದ ಬಲದ ದಿಕ್ಕು ಕೊಟ್ಟರೆ ಸರಿಯಾಗುತ್ತದೆ.