ಗರ್ಭಕೋಶದಾಗ ಪಾಲಿಪ್ ಐತಿ ಅಂದ್ರು, ಏನ್ ಮಾಡ್ಬೇಕ್ರಿ?

ಸಿಂಧನೂರಿಂದ: ನಮ್ಮ ಅಕ್ಕಗ 44 ವರ್ಷ, ತಿಂಗಳ ಮುಟ್ಟು ಮುಗಿದ್ರೂ ನಡುವ ನಡುವ ಬ್ಲೀಡಿಂಗ್ ಆಗ್ತಿತ್ತು, ಸ್ಕ್ಯಾನಿಂಗ್‌ದಾಗ 2 ಸೆಂ.ಮೀ. ಪಾಲಿಪ್ (ಒಳಗ ಬೆಳೆಯೋ ಮೆತ್ತನೆ ಗಂಟು) ಅಂತ ಬಂದದ. ಮನ್ಯಾಗ ಎಲ್ಲಾರೂ ಗರ್ಭಕೋಶನೇ ತೆಗಸ್ರಿ ಅಂತಾರ, ಆಕಿ ಒಂದ ಸಮನೆ ಅಳಾಕತ್ಯಾಳ. ಹೊಟ್ಟಿ ಕೊಯ್ತಾರೇನ್ರಿ?

ರಾಯಚೂರಿಂದ, ನರ್ಸ್: ಹೊಟ್ಟಿ ಕೊಯ್ಯಂಗಿಲ್ರಿ. ಹಿಸ್ಟರೋಸ್ಕೋಪಿ ಅಂತ ಕೆಳಗಿಂದನೇ ಸಣ್ಣ ಕ್ಯಾಮೆರಾ ಹಾಕಿ ನೋಡ್ಕೋತ ಪಾಲಿಪ್ ಅಷ್ಟನ್ನೇ ಬುಡಕ್ಕ ಕತ್ತರಿಸಿ ತೆಗೀತಾರ, ಹೊಲಿಗಿ ಇರಂಗಿಲ್ಲ, ಬಹಳ ಮಂದಿ ಅವತ್ತ ಮನಿಗೆ ಹೋಗ್ತಾರ. ಮುಟ್ಟು ಮುಗಿದ ಕೂಡ್ಲೇ ಮಾಡಿದ್ರ ಒಳಗ ಚೊಲೋ ಕಾಣ್ತದ. ತೆಗೆದ ತುಣುಕು ಬಯಾಪ್ಸಿಗೆ (ಕ್ಯಾನ್ಸರ್ ಐತೇನು ಅಂತ ನೋಡೋ ಲ್ಯಾಬ್ ಪರೀಕ್ಷೆಗೆ) ಕಳಿಸ್ಲೇಬೇಕ್ರಿ, ರಿಪೋರ್ಟ್ ಕೇಳಿ ಇಸ್ಕೊಳ್ರಿ.

ಗಂಗಾವತಿಯಿಂದ: ನಂದು ಗರ್ಭಕೋಶದ ಬಾಯಾಗ ಇತ್ರಿ, ಸಣ್ಣದು. ಓಪಿಡಿದಾಗೇ ಇಕ್ಕಳದಿಂದ ಹಿಡಿದು ತಿರುವಿ ತೆಗೆದ್ರು, ಮುಟ್ಟಿನ ನೋವಿನಂಗ ಸ್ವಲ್ಪ ಹಿಡೀತು ಅಷ್ಟ. ಆಮ್ಯಾಲೆ ಜ್ವರ, ವಾಸನಿ ಬಿಳಿಮುಟ್ಟು, ಜಾಸ್ತಿ ರಕ್ತ ಹೋದ್ರ ತಡ ಮಾಡ್ದಂಗ ಬರ್ರಿ ಅಂದಿದ್ರು. ಗರ್ಭಕೋಶ ತೆಗಸೋ ಮಾತು ಬಯಾಪ್ಸಿ ಬರೋತನಕ ಬ್ಯಾಡ ಅಂತ ಮನ್ಯಾಗ ಗಟ್ಟಿಯಾಗಿ ಹೇಳ್ರಿ, ಅಕ್ಕಗ ಧೈರ್ಯ ಕೊಡ್ರಿ.