ಬಾಲಿಗೆ ವಿದ್ಯಾರ್ಥಿಗಳ ಪ್ರವಾಸ: ಹೋಗಿ ಬಂದವರು ಏನು ಹೇಳ್ತೀರಿ?

ಕೇಳಿದವರು: ಉಪನ್ಯಾಸಕಿ, ಉಡುಪಿ
ನಮ್ಮ ಡಿಸೈನ್ ವಿದ್ಯಾರ್ಥಿಗಳನ್ನು ಒಂದು ವಾರ ಇಂಡೋನೇಷ್ಯಾದ ಬಾಲಿಗೆ ಕರೆದುಕೊಂಡು ಹೋಗುತ್ತಿದ್ದೇವೆ. ಬೀಚಿಗಲ್ಲ, ಅಲ್ಲಿನ ಕೈಕೆಲಸ ಮತ್ತು ಊರಿನವರ ಬದುಕು ನೋಡಲಿಕ್ಕೆ. ಏಜೆಂಟರ ಪಟ್ಟಿಯಲ್ಲಿ ಒಂದೇ ದಿನ ಬಟುಬುಲಾನ್‌ನ ಕಲ್ಲು, ಚೆಲುಕ್‌ನ ಬೆಳ್ಳಿ, ಮಾಸ್‌ನ ಮರದ ಕೆತ್ತನೆ, ಸಂಜೆ ಉಬುದ್ ಪೇಟೆ ಉಂಟು. ಇಷ್ಟು ಸಾಕಾ?

ಮಣಿಪಾಲದಿಂದ ಒಬ್ಬರು
ಸಾಕಾ ಅಂತ ಅಲ್ಲ ಮೇಡಂ, ಜಾಸ್ತಿಯಾಯ್ತು! ಆ ಊರುಗಳೆಲ್ಲ ಉಬುದ್‌ಗೆ ಹೋಗುವ ದಾರಿಯಲ್ಲೇ ಸಿಗುತ್ತವೆ. ಬಸ್ ನಿಲ್ಲುವುದು ಶೋರೂಮ್ ಎದುರು. ಒಳಗೆ ಒಬ್ಬರು ಐದು ನಿಮಿಷ ಉಳಿ ಹೊಡೆದು ತೋರಿಸುತ್ತಾರೆ, ಆಮೇಲೆ ಬಿಲ್ಲಿಂಗ್ ಕೌಂಟರ್.

ಒಂದೇ ಊರು ಆರಿಸಿಕೊಳ್ಳಿ. ನಾವು ಮಾಸ್‌ನಲ್ಲಿ ಮುಖವಾಡ ಕೆತ್ತುವವರ ಮನೆಗೇ ಹೋಗಿದ್ದೆವು. ನೆಲದ ಮೇಲೆ ಕೂತು, ಮರದ ತುಂಡನ್ನು ಪಾದಗಳ ನಡುವೆ ಹಿಡಿದು ಕೆತ್ತುತ್ತಾರೆ. ಮಕ್ಕಳಿಗೆ ಮೊದಲು ಕೊಟ್ಟದ್ದು ಬರೀ ಮರಳು ಕಾಗದ. ಉಜ್ಜುವುದೇ ಕೆಲಸ. ಮುಖ ಸಪ್ಪೆಯಾಯಿತು, ಆದರೆ ಕೈ ಕೆಲಸದಲ್ಲಿದ್ದಾಗಲೇ ಮಾತು ಶುರುವಾಯಿತು. ಸಂಜೆ ಅವರೇ ನಮ್ಮನ್ನು ತಮ್ಮ ಬಂಜಾರ್‌ಗೆ ಕರೆದರು. ಬಂಜಾರ್ ಅಂದರೆ ಅಲ್ಲಿನ ಕೇರಿಯ ಸಂಘ. ನಮ್ಮ ದೈವಸ್ಥಾನದ ಸಮಿತಿ, ಭಜನಾ ಮಂಡಳಿ ಎರಡನ್ನೂ ಒಟ್ಟು ಮಾಡಿದ ಹಾಗೆ. ಮದುವೆಯಾದ ಮೇಲೆ ಸೇರಲೇಬೇಕು. ಸಾವಾದರೆ, ದೇವಸ್ಥಾನದ ಕೆಲಸವಿದ್ದರೆ ಎಲ್ಲರೂ ಬರಬೇಕು. ಹಗಲು ಉಳಿ ಹಿಡಿದವರೇ ರಾತ್ರಿ ಅಲ್ಲಿ ಗಾಮೆಲಾನ್ (ಕಂಚಿನ ವಾದ್ಯಗಳ ಮೇಳ) ಬಾರಿಸುತ್ತಿದ್ದರು. ಇದು ಯಾವ ಪ್ಯಾಕೇಜಿನಲ್ಲೂ ಇರುವುದಿಲ್ಲ.

ಕಿನ್ನಿಗೋಳಿಯಿಂದ
ನೇಯ್ಗೆ ನೋಡುವುದಿದ್ದರೆ ಪೂರ್ವ ಬಾಲಿಯ ತೆಂಗಾನಾನ್ ಬಿಡಬೇಡಿ. ಅಲ್ಲಿನ ಗೆರಿಂಗ್‌ಸಿಂಗ್ ಬಟ್ಟೆಗೆ ಹಾಸು, ಹೊಕ್ಕು ಎರಡೂ ನೂಲನ್ನು ಮೊದಲೇ ಗಂಟು ಕಟ್ಟಿ ಬಣ್ಣ ಹಾಕುತ್ತಾರೆ, ಗುಜರಾತಿನ ಪಾಟಣದ ಪಟೋಲ ಸೀರೆಯ ಕ್ರಮವೇ. ಒಂದು ಬಟ್ಟೆ ಮುಗಿಯಲಿಕ್ಕೆ ವರ್ಷಗಳು ಹಿಡಿಯುವುದುಂಟು. ಆದರೆ ಹೋಗುವ ಮೊದಲು ಮಕ್ಕಳನ್ನು ನಮ್ಮ ತಾಳಿಪಾಡಿ ನೇಕಾರರ ಸಂಘಕ್ಕೆ ಕರೆತನ್ನಿ. ಉಡುಪಿ ಸೀರೆ ನೇಯುವ ಮಗ್ಗವನ್ನೇ ನೋಡದವರು ಅಲ್ಲಿ ಹೋಗಿ ಎಂತ ಕೇಳುತ್ತಾರೆ? ಸುಮ್ನೆ ಫೋಟೋ ತೆಗೆದು ಬರುತ್ತಾರೆ.

ಮಂಗಳೂರಿನ ಒಬ್ಬ ತಾಯಿ
ನನ್ನ ಮಗಳು ಹೋಗಿದ್ದಳು. ಸಸ್ಯಾಹಾರಿ ಮಕ್ಕಳಿದ್ದರೆ ‘ತನ್ಪ ತೆರಾಸಿ’ ಅಂತ ಕಲಿಸಿ ಕಳುಹಿಸಿ. ತೆರಾಸಿ ಅಂದರೆ ಸಿಗಡಿಯ ಪೇಸ್ಟ್, ಅಲ್ಲಿನ ಸಂಬಾಲ್ ಚಟ್ನಿಯಲ್ಲಿ ಸಾಮಾನ್ಯ. ‘ತನ್ಪ’ ಅಂದರೆ ಇಲ್ಲದೆ, ಹಾಕದೆ. ತೆಂಪೆ ಧೈರ್ಯವಾಗಿ ತಿನ್ನಬಹುದು, ಅದು ಸೋಯಾ. ದೇವಸ್ಥಾನಕ್ಕೆ ಸರೋಂಗ್, ಸೊಂಟಕ್ಕೆ ಪಟ್ಟಿ ಬೇಕು. ಮುಟ್ಟಾದವರು ಒಳಗೆ ಹೋಗುವ ಹಾಗಿಲ್ಲ ಅಂತ ಬೋರ್ಡೇ ಇರುತ್ತದೆ. ಹುಡುಗಿಯರಿಗೆ ಇದನ್ನು ಮೊದಲೇ ಹೇಳಿಡಿ, ಬಾಗಿಲಲ್ಲಿ ಹೇಳುವುದು ಬೇಡ. ಹೊರಗೆ ಉಳಿದವರು ತೆಂಗಿನ ತಿರಿಯಲ್ಲಿ ಚನಾಂಗ್, ಅಂದರೆ ದೇವರಿಗೆ ಹೂ ಅರ್ಪಿಸುವ ಪುಟ್ಟ ಬುಟ್ಟಿ, ಮಾಡಲು ಕಲಿಯಬಹುದು. ಮಗಳಿಗೆ ಜಾಸ್ತಿ ಇಷ್ಟವಾದದ್ದೂ ಅದೇ.

ಕಾರ್ಕಳದಿಂದ
ದಿನಾಂಕ ಗಟ್ಟಿ ಮಾಡುವ ಮೊದಲು ಅಲ್ಲಿನ ಕ್ಯಾಲೆಂಡರ್ ನೋಡಿ ಮಾರಾಯ್ರೆ. ಗಲುಂಗಾನ್ ಹಬ್ಬ 210 ದಿನಕ್ಕೊಮ್ಮೆ ಬರುತ್ತದೆ, ಹಾಗಾಗಿ ತಿಂಗಳು ಬದಲಾಗುತ್ತಾ ಇರುತ್ತದೆ. ಆಗ ಕೆಲಸಗಾರರು ಊರಿಗೆ ಹೋಗಿರುತ್ತಾರೆ. ಕೆತ್ತನೆ ಕಲಿಯಲಿಕ್ಕೆ ಹೋದರೆ ನಷ್ಟ, ಬೀದಿ ತುಂಬ ಪೆಂಜೋರ್, ಅಂದರೆ ಅಲಂಕರಿಸಿದ ಎತ್ತರದ ಬಿದಿರು, ನೋಡಲಿಕ್ಕಾದರೆ ಲಾಭ. ಮಾರ್ಚ್ ಆಸುಪಾಸಿನ ಞೆಪಿ (ಅಲ್ಲಿನ ಹೊಸ ವರ್ಷದ ಮೌನದ ದಿನ) ದಿನವಂತೂ ವಿಮಾನ ನಿಲ್ದಾಣವೇ ಬಂದ್.

ಉಪನ್ಯಾಸಕಿ
ಎಲ್ಲರಿಗೂ ಥ್ಯಾಂಕ್ಸ್. ಮಾಸ್ ಒಂದನ್ನೇ ಇಟ್ಟುಕೊಂಡು, ಒಂದು ದಿನ ತೆಂಗಾನಾನ್ ಸೇರಿಸುತ್ತೇನೆ. ಕಲಿಸಿದವರಿಗೆ ಹಣ ಹೇಗೆ ಕೊಡುವುದು?

ಮಣಿಪಾಲದಿಂದಲೇ
ದಿನಕ್ಕೆ ಇಷ್ಟು ಅಂತ ಮೊದಲೇ ಮಾತಾಡಿ, ಏಜೆಂಟರ ಕೈಗಲ್ಲ, ಅವರ ಕೈಗೇ ಕೊಡಿ. ಅಂಗಡಿಯಲ್ಲಿ ಚೌಕಾಸಿ ಮಾಡಿ, ಕಲಿಸುವವರ ಹತ್ತಿರ ಬೇಡ.